ಇನ್ನೊಂದು ಚೂರು

ಪುಟ ತೆರೆಯಲಿಲ್ಲ ಅಂದರೆ ನಮ್ಮ ಜನ ಮೊದಲು ಮಾಡುವ ಕೆಲಸ ಫೋನಿನ ಬೆನ್ನಿಗೆ ಎರಡು ಬಾರಿಸುವುದು. ಆಮೇಲೆ ಮನೆಯಲ್ಲಿ ಯಾರು ಕೈಗೆ ಸಿಕ್ಕರೋ ಅವರನ್ನು ಬೈಯುವುದು. ಎರಡೂ ಮುಗಿದ ಮೇಲೆ ಚಂದ್ರಕಲಾಗೆ ಫೋನ್ ಮಾಡುವುದು. ಚಳ್ಳಕೆರೆ ಊರು ದಾಟಿದ ಮೇಲೆ ಸಿಗುವ ಕುರುಚಲು ಬಯಲಿನಲ್ಲಿ ವಾಕ್‌ಸೇತು ಅನ್ನುವ ಕೇಂದ್ರವಿತ್ತು. ಅಲ್ಲಿಯ ಸಹಾಯವಾಣಿಯಲ್ಲಿ ಕೂತು, ತಲೆಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ರಾಜ್ಯದ ಮೂಲೆಮೂಲೆಯಿಂದ ಬರುವ ಆ ಬೈಗುಳದ ಕೊನೆಯ ಕಂತನ್ನು ಕೇಳಿಸಿಕೊಳ್ಳುವುದು ಅವಳ ಉದ್ಯೋಗ.

“ಚಕ್ರ ಸುಮ್ನ ತಿರಗಾಕತ್ತೈತ್ರಿ ಮೇಡಂ, ಮುಂಜಾನಿಂದ!” ಅನ್ನುವವರು ಗದಗಿನವರು. “ಪೇಜು ಬರುವುದೇ ಇಲ್ಲ ಮಾರಾಯ್ರೆ, ಬರೀ ಬಿಳಿ ಪರದೆ” ಅನ್ನುವವರು ಪುತ್ತೂರಿನವರು. ಎಲ್ಲರಿಗೂ ಚಂದ್ರಕಲಾ ಹೇಳುತ್ತಿದ್ದದ್ದು ಒಂದೇ ಪಾಠ. “ಮೇಲ್ಗಡೆ ಸುತ್ತಿಕೊಂಡಿರೋ ಬಾಣ ಇದೆಯಲ್ಲ, ಅದನ್ನ ಒಂದ್ಸಲ ಒತ್ತಿ. ಆಗ್ಲಿಲ್ವಾ? ವಿಳಾಸ ಸರಿಯಾಗಿ ಹೊಡೆದಿದೀರಾ ನೋಡಿ. ಬೇರೆ ಬ್ರೌಸರ್‌ನಲ್ಲಿ ತೆಗೀರಿ. ಫೋನಿನ ತಾರೀಖು, ಟೈಮು ಸರಿ ಇದೆಯಾ? ಹಾಗಾದ್ರೆ ಬ್ರೌಸರ್ ಕೂಡಿಟ್ಟುಕೊಂಡಿರೋ ಹಳೇ ಪ್ರತಿ, ಕ್ಯಾಶೆ ಅಂತಾರಲ್ಲ, ಅದನ್ನೆಲ್ಲ ಅಳಿಸಿ. ಅದಕ್ಕೂ ಬಗ್ಗಲಿಲ್ಲ ಅಂದ್ರೆ ರೂಟರಿನ ಪ್ಲಗ್ ಕಿತ್ತು, ಒಂದು ಲೋಟ ನೀರು ಕುಡಿದು, ಮತ್ತೆ ಹಾಕಿ.” ನೀರು ಕುಡಿಯುವ ಮಾತು ಯಾವ ಕೈಪಿಡಿಯಲ್ಲೂ ಇರಲಿಲ್ಲ, ಅವಳದೇ ಸೇರ್ಪಡೆ. ಸ್ವಲ್ಪ ಹೊತ್ತು ಕಾಯಿರಿ ಅಂದರೆ ಯಾರೂ ಕಾಯುವುದಿಲ್ಲ, ನೀರು ಕುಡಿಯಿರಿ ಅಂದರೆ ಕುಡಿಯುತ್ತಾರೆ.

ಪೇಟೆ ಧಾರಣೆಯದೋ ಸಿನಿಮಾದ್ದೋ ಪುಟವಾಗಿದ್ದರೆ ಇವತ್ತಲ್ಲದಿದ್ದರೆ ನಾಳೆ ನೋಡಬಹುದಿತ್ತು. ಇವು ಮಾತಿನ ಪುಟಗಳು. ಲಕ್ವ ಹೊಡೆದೋ ಪೆಟ್ಟು ಬಿದ್ದೋ ನಾಲಿಗೆ, ಕೈಕಾಲು ಎಲ್ಲ ಬಿದ್ದುಹೋಗಿ, ಬುದ್ಧಿಯೊಂದು ಮಾತ್ರ ಒಳಗೆ ನೆಟ್ಟಗೆ ಕೂತಿರುವವರ ತಲೆಯೊಳಗೆ, ಮಿದುಳಿನ ಮೇಲ್ಪದರಕ್ಕೆ, ಕೂದಲಿಗಿಂತ ಸಣ್ಣ ತಂತಿಯ ಒಂದು ಬಲೆ ಹಾಸುತ್ತಾರೆ. ಮಾತಾಡಬೇಕು ಅಂತ ಮನಸ್ಸು ಮಾಡಿದಾಗ ಮಿದುಳಿನಲ್ಲಿ ಏಳುವ ಮಿಡಿತಗಳನ್ನು ಆ ಬಲೆ ಹಿಡಿದು ದಿಂಬಿನ ಪಕ್ಕದ ಪೆಟ್ಟಿಗೆಗೆ ಕೊಡುತ್ತದೆ. ಪೆಟ್ಟಿಗೆ ಅದನ್ನು ಕೇಂದ್ರಕ್ಕೆ ಕಳಿಸುತ್ತದೆ. ಕೇಂದ್ರದ ದೊಡ್ಡ ಯಂತ್ರಗಳು ತಿಂಗಳುಗಟ್ಟಲೆ ಕೂತು ಒಬ್ಬೊಬ್ಬರ ಮಿಡಿತದ ಜಾಡನ್ನೂ ಕಲಿತಿರುತ್ತವೆ. ಅವು ಅದನ್ನು ಮಾತಾಗಿ ಬಿಡಿಸಿ ಆ ಮನುಷ್ಯನ ಪುಟದ ಮೇಲೆ ಹಾಕುತ್ತವೆ. ಮನೆಯವರು ಟೀವಿಯಲ್ಲೋ ಫೋನಿನಲ್ಲೋ ಬ್ರೌಸರ್ ತೆಗೆದು ಓದಿಕೊಳ್ಳುತ್ತಾರೆ.

ಒಂದು ಕಟ್ಟಳೆ ಮಾತ್ರ ಇತ್ತು. ಪುಟದಲ್ಲಿ ಇರುವುದು ಒಂದೇ ಸಾಲು. ಮುಂದಿನ ಸಾಲು ಬರುವ ತನಕ ಅದು ನಿಲ್ಲುತ್ತದೆ, ಬಂದ ಮೇಲೆ ಅಳಿಸಿಹೋಗುತ್ತದೆ. ಕೇಂದ್ರದಲ್ಲಾಗಲಿ ಪೆಟ್ಟಿಗೆಯಲ್ಲಾಗಲಿ ಏನೂ ಉಳಿಯುವುದಿಲ್ಲ. ಮನಸ್ಸಿನಿಂದ ನೇರ ಬಂದದ್ದನ್ನು ಕೂಡಿಡುವ ಹಕ್ಕು ಯಾರಿಗೂ ಇಲ್ಲ ಅಂತ ರೋಗಿಗಳೇ ಹಟ ಹಿಡಿದು ಮಾಡಿಸಿಕೊಂಡ ಕಾನೂನು ಅದು. ನ್ಯಾಯವಾದದ್ದೇ.

ಚಂದ್ರಕಲಾಳ ಗಂಡ ಪಾಲಾಕ್ಷನೂ ಹಾಗೆ ಮಾತಾಡುವವರಲ್ಲಿ ಒಬ್ಬ. ಒಂದು ಕಾಲದಲ್ಲಿ ಶೇಂಗಾ ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದವನು. ಅಬ್ಬಾ, ಏನು ಗಂಟಲು ಅಂತೀರಿ! ಅವನು ಯಾರ್ಡಿನ ಆ ತುದಿಯಲ್ಲಿ ನಿಂತು ಧಾರಣೆ ಕೂಗಿದರೆ ಈ ತುದಿಯ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದವರು ಎದ್ದು ಬರುತ್ತಿದ್ದರು. ಒಂದು ಬೆಳಗ್ಗೆ ಚೀಲಗಳ ನಡುವೆ ಕೂಗುತ್ತ ಕೂಗುತ್ತಲೇ ಕುಸಿದುಬಿದ್ದ. ಆಸ್ಪತ್ರೆಯಿಂದ ಮನೆಗೆ ತಂದಾಗ ಅವನ ಮೈಯಲ್ಲಿ ಅಲ್ಲಾಡುತ್ತಿದ್ದದ್ದು ಎರಡು ಕಣ್ಣು ಮಾತ್ರ. ಕಣ್ಣು ಮೇಲೆತ್ತಿದರೆ ಸಾಕು ಅಂತ, ಕೆಳಗಿಳಿಸಿದರೆ ಬೇಕು ಅಂತ ಮನೆಯವರು ಅರ್ಥ ಮಾಡಿಕೊಂಡು ವರ್ಷವೊಂದನ್ನು ತಳ್ಳಿದರು. ಕೇಂದ್ರದ ಸಿಬ್ಬಂದಿಯ ಮನೆಯವರಿಗೆ ಬಲೆ ಹಾಕುವ ಸರದಿ ಬೇಗ ಬರುತ್ತದೆ ಅಂತ ಕೇಳಿಯೇ ಚಂದ್ರಕಲಾ ಆ ಕೆಲಸಕ್ಕೆ ಸೇರಿದ್ದು.

ಪುಟ ತೆರೆದ ದಿನ ಇಡೀ ಮನೆ ಉಸಿರು ಬಿಗಿಹಿಡಿದು ಟೀವಿ ಮುಂದೆ ಕೂತಿತ್ತು. ಒಂದು ವರ್ಷ ಬಾಯಿ ಕಟ್ಟಿದ್ದ ಮಗ ಮೊದಲ ಮಾತು ಏನು ಆಡುತ್ತಾನೋ ಅಂತ ಅವನ ತಾಯಿ ಹೊನ್ನಮ್ಮ ಕೈಮುಗಿದುಕೊಂಡಿದ್ದಳು. ಪರದೆಯ ಮೇಲೆ ದಪ್ಪ ಅಕ್ಷರದಲ್ಲಿ ಮೂಡಿತು: “ಮೊದ್ಲು ಆ ಸೀರಿಯಲ್ ಬಂದ್ ಮಾಡ್ರಿ.” ಹೊನ್ನಮ್ಮ ನಕ್ಕು ನಕ್ಕು ಅತ್ತಳು. ಪಾಪ, ವರ್ಷವಿಡೀ ಅವನನ್ನು ಪಕ್ಕದಲ್ಲಿ ಮಲಗಿಸಿಕೊಂಡು ಅವಳು ಒಂದೂ ಕಂತು ಬಿಡದೆ ನೋಡಿದ್ದಳು.

ಆಮೇಲೆ ಮನೆ ಮತ್ತೆ ಮನೆಯಂತಾಯಿತು. ಅವನು ಕೇಳುತ್ತಿದ್ದ, ರೇಗುತ್ತಿದ್ದ, ಹೆಂಡತಿಯ ಸಾರಿಗೆ ಉಪ್ಪು ಕಡಿಮೆ ಅನ್ನುತ್ತಿದ್ದ. ನುಂಗುವ ಶಕ್ತಿ ಒಂದಿಷ್ಟು ಮರಳಿದ್ದರಿಂದ ಗಂಜಿಯಂಥದ್ದನ್ನು ಚಮಚದಲ್ಲಿ ಕೊಡಬಹುದು ಅಂತ ಡಾಕ್ಟರು ಒಪ್ಪಿದ್ದರು. ಅದಕ್ಕೂ ಕ್ರಮವಿತ್ತು. ಒಂದು ಚಮಚ ಹಾಕಬೇಕು, ಪುಟ ನೋಡಬೇಕು. ಅವನು “ಹಾಕು” ಅಂದರೆ ಇನ್ನೊಂದು, “ತಡಿ” ಅಂದರೆ ಕಾಯುವುದು, “ಸಾಕು” ಅಂದರೆ ಬಟ್ಟಲು ಕೆಳಗಿಡುವುದು. ಟೀವಿ ಇದ್ದದ್ದು ಮಂಚದ ಎದುರು ಗೋಡೆಗೆ. ಉಣಿಸುವವರು ಚಮಚವನ್ನು ಅವನ ಬಾಯಿಗಿಟ್ಟು ಮುಖವನ್ನು ಟೀವಿಯ ಕಡೆಗೆ ತಿರುಗಿಸಿರುತ್ತಿದ್ದರು. ಕಣ್ಣೆತ್ತುವುದು, ಇಳಿಸುವುದು ಯಾರಿಗೂ ಬೇಕಾಗಿರಲಿಲ್ಲ. ಪುಟ ಬಂದ ಮೇಲೆ ಅವನ ಮುಖವನ್ನು ನೋಡುವುದೇ ಆ ಮನೆಯಲ್ಲಿ ನಿಂತುಹೋಗಿತ್ತು ಅಂತ ಚಂದ್ರಕಲಾಗೆ ಹೊಳೆದದ್ದು ಬಹಳ ತಡವಾಗಿ.

ಇನ್ನೊಂದು ಸಂಗತಿಯನ್ನು ಅವಳೇ ಮಾಡಿದ್ದಳು. ಚಳ್ಳಕೆರೆಯ ನೆಟ್‌ವರ್ಕು ಗೊತ್ತಲ್ಲ, ಗಾಳಿ ಜೋರಾಗಿ ಬೀಸಿದರೂ ಹೋಗುತ್ತದೆ. ಹೋದಾಗೆಲ್ಲ ಪರದೆ ಬೆಳ್ಳಗಾಗುತ್ತಿತ್ತು. ಬೆಳ್ಳಗಾದದ್ದೇ ತಡ, ಹೊನ್ನಮ್ಮ ಮಗನ ಜೀವವೇ ಹೋಯಿತು ಅಂತ ಎದೆ ಬಡಿದುಕೊಂಡು ಓಣಿಯ ಜನರನ್ನೆಲ್ಲ ಒಳಗೆ ಕರೆದುಬಿಡುತ್ತಿದ್ದಳು. ನಾಲ್ಕಾರು ಸಲ ಹೀಗಾದ ಮೇಲೆ ಚಂದ್ರಕಲಾ ಟೀವಿಯ ಬ್ರೌಸರಿನಲ್ಲಿ ಒಂದು ಸಣ್ಣ ಏರ್ಪಾಡು ಮಾಡಿದಳು. ಹೊಸ ಪುಟ ಸಿಗದಿದ್ದರೆ ಕೊನೆಗೆ ಸಿಕ್ಕ ಹಳೆಯ ಪ್ರತಿಯನ್ನೇ ತೋರಿಸುತ್ತಿರಲಿ ಅಂತ. ಸಂಪರ್ಕ ಸ್ವಲ್ಪ ಹೊತ್ತಿಗೆ ಮರಳುತ್ತಿತ್ತು, ಅತ್ತೆಗೆ ಗೊತ್ತೂ ಆಗುತ್ತಿರಲಿಲ್ಲ. ಓಣಿಯವರಿಗೂ ನೆಮ್ಮದಿ.

ಆಯುಧಪೂಜೆಯ ದಿನ ಬಂತು.

ಕೇಂದ್ರದ ನಿರ್ದೇಶಕರು ಜಯದೇವಪ್ಪ. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಆಯುಧಪೂಜೆಯಲ್ಲಿ ಮಾತ್ರ ಅವರು ಒಂದು ಗೆರೆ ಅತ್ತಿತ್ತ ಆಗಗೊಡುತ್ತಿರಲಿಲ್ಲ. ಅವರಪ್ಪ ಎಣ್ಣೆಗಾಣದ ಮಾಲೀಕರು. ಪೂಜೆಯಾದ ಮೇಲೆ ಮಾರನೆಯ ದಿನದ ತನಕ ಗಾಣಕ್ಕೆ ಕೈ ಹಚ್ಚುತ್ತಿರಲಿಲ್ಲ. “ವರ್ಷವೆಲ್ಲ ದುಡಿಯೋ ಯಂತ್ರಕ್ಕೆ ಒಂದು ದಿನ ಯಾರೂ ತೊಂದರೆ ಕೊಡಬಾರದು ಕಣ್ರೀ” ಅಂತ ಜಯದೇವಪ್ಪನವರೂ ಅನ್ನುತ್ತಿದ್ದರು. ಮಾತಿನ ಯಂತ್ರಗಳನ್ನು ನಿಲ್ಲಿಸುವ ಹಾಗಿಲ್ಲವಲ್ಲ. ಅದಕ್ಕೇ ಅವರು ಕಂಡುಕೊಂಡ ದಾರಿ: ಯಂತ್ರ ತನ್ನ ಪಾಡಿಗೆ ಓಡುತ್ತಿರಲಿ, ಮನುಷ್ಯರು ಮುಟ್ಟುವುದು ಬೇಡ.

ಯಂತ್ರಶಾಲೆಯ ಎಂಜಿನಿಯರು ರಹಮತ್ ಬೆಳಗ್ಗೆಯೇ ಬಾಳೆಕಂದು ಕಟ್ಟಲು ಕೈ ಜೋಡಿಸುತ್ತ ಒಂದು ಮಾತು ಎತ್ತಿದ್ದ. “ಸರ್, ಮುದ್ರೆ ಇವತ್ತಿಗೆ ಮುಗಿಯುತ್ತೆ. ಹೊಸದು ಒತ್ತಿಬಿಡ್ತೀನಿ, ಐದು ನಿಮಿಷದ ಕೆಲಸ.”

ಮುದ್ರೆ ಅಂದರೆ ಕೇಂದ್ರದ ಗುರುತುಪತ್ರ. ಮಾರುಕಟ್ಟೆಯಲ್ಲಿ ತೂಕದ ಬಟ್ಟಿಗೆ ಸರ್ಕಾರದವರು ಮುದ್ರೆ ಹೊಡೆಯುವುದಿಲ್ಲವೇ, ಹಾಗೆ. ಅವಧಿ ತೀರಿದ ಬಟ್ಟು ತೂಕದಲ್ಲಿ ಸರಿಯಿದ್ದರೂ ಅದನ್ನು ಯಾರೂ ಒಪ್ಪಬಾರದು. ಅವಧಿ ತೀರಿದ ಕೇಂದ್ರವನ್ನೂ ಬ್ರೌಸರುಗಳು ಒಪ್ಪುವುದಿಲ್ಲ, ಇದು ಅಸಲಿಯೋ ನಕಲಿಯೋ ಅಂತ ಬಾಗಿಲು ಹಾಕಿಕೊಳ್ಳುತ್ತವೆ.

“ಇವತ್ತಿಗೆ ಮುಗಿಯುತ್ತೆ ಅಂದ್ರೆ ಇವತ್ತು ಪೂರ್ತಿ ಇರುತ್ತೆ ತಾನೆ?” ಅಂದರು ಜಯದೇವಪ್ಪ. “ಸಂಜೆ ನೋಡೋಣ. ಅಲ್ಲದೆ ಕೀ ಆಗಲೇ ತಟ್ಟೆಗೆ ಹೋಯ್ತಲ್ಲೋ.”

ಹೊಸ ಮುದ್ರೆ ಒತ್ತಲು ಪೆನ್‌ಡ್ರೈವಿನಂಥ, ಬೆರಳುದ್ದದ ಒಂದು ಕೀ ಬೇಕು. ಕೇಂದ್ರದ ಅತಿ ಮುಖ್ಯವಾದ ಆಯುಧ ಅದೇ ಅಂತ ಪೂಜೆಯ ತಟ್ಟೆಯಲ್ಲಿ ದೇವಿಯ ಫೋಟೋದ ಮುಂದೆ ಅದನ್ನೇ ನಡುವೆ ಇಟ್ಟಿದ್ದರು. ರಹಮತ್ ಮತ್ತೆ ಬಾಳೆಕಂದಿನ ಕಡೆಗೆ ತಿರುಗಿದ. ಹಬ್ಬದ ಹೊತ್ತಿನಲ್ಲಿ ತಾನೇ ಅಡ್ಡ ಬಂದ ಹಾಗಾಗುವುದು ಬೇಡ ಅನ್ನಿಸಿತು ಅವನಿಗೆ. ಅರ್ಚಕರು ಅರಿಶಿನ ಕುಂಕುಮ ಕಲಸಿ ಕೀಗೂ ಯಂತ್ರಗಳ ಬಾಗಿಲಿಗೂ ಹಚ್ಚಿದರು, ಮಾವಿನೆಲೆಯಿಂದ ನೀರು ಚಿಮುಕಿಸಿದರು, ಬಾಗಿಲಾಚೆ ಬೂದುಗುಂಬಳಕಾಯಿ ಒಡೆದರು. ಎಲ್ಲರೂ ಉಂಡೆ ತಿಂದರು.

ಊಟದ ಹೊತ್ತು. ಚಂದ್ರಕಲಾಳ ಮೇಜಿನ ಫೋನು ಒಂದು ಸಲ ಬಡಿದುಕೊಂಡಿತು. ಅದನ್ನು ಎತ್ತುವಷ್ಟರಲ್ಲಿ ಇನ್ನೊಂದು, ಮತ್ತೊಂದು. ಆಮೇಲೆ ಫೋನಿನ ಮೇಲಿನ ಕರೆಯ ದೀಪಗಳೆಲ್ಲ ಒಟ್ಟಿಗೆ ಹತ್ತಿಕೊಂಡವು.

“ಮೇಡಂ, ‘ಈ ತಾಣ ಸುರಕ್ಷಿತವಲ್ಲ’ ಅಂತ ಕೆಂಪು ಪರದೆ ಬಂತು. ನಮ್ಮ ತಂದೆ ಸುರಕ್ಷಿತ ಅಲ್ವಾ ಹಂಗಾದ್ರೆ?”

“ತಾರೀಖು ಸರಿ ಇದೆಯಾ ನೋಡಿ” ಅಂದಳು ಚಂದ್ರಕಲಾ, ರೂಢಿಯಂತೆ.

“ತಾರೀಖು ಸರಿ ಐತೆ, ಹಬ್ಬ ಇವತ್ತೇ!”

ಬಾಣ ಒತ್ತಿಸಿದಳು. ಬೇರೆ ಬ್ರೌಸರ್ ತೆಗೆಸಿದಳು. ಕ್ಯಾಶೆ ಅಳಿಸಿದರು, ರೂಟರ್ ಕಿತ್ತರು, ನೀರು ಕುಡಿದರು. ಗಂಗಾವತಿಯ ಒಬ್ಬ ಹೆಂಗಸು ಫೋನಿನಲ್ಲೇ ಅಳತೊಡಗಿದಳು. ಅವಳ ತಮ್ಮ ಏನನ್ನೋ ಅವಸರದಲ್ಲಿ ಹೇಳುತ್ತಿರುವ ಹಾಗೆ ಅವನ ಹಣೆಯೆಲ್ಲ ಬೆವತಿತ್ತಂತೆ. “ನೀವರ ಹೇಳ್ರಿ, ಅವ ಏನಂತಾನ?” ಅಂತ ಅವಳು ಕೇಳಿದರೆ ಚಂದ್ರಕಲಾ ಏನು ಹೇಳಿಯಾಳು? “ಅಕ್ಕಾ, ರೂಟರ್ ಇನ್ನೊಂದ್ಸಲ ಕಿತ್ತು ಹಾಕಿ” ಅಂದಳು. ಹೇಳಿದ ಮೇಲೆ ಅವಳಿಗೇ ನಾಚಿಕೆಯಾಯಿತು.

ಮನೆ ನೆನಪಾಯಿತು. ನಡುವೆ ಬಂದ ಒಂದು ಕರೆಯನ್ನು ಎತ್ತದೆ ಬಿಟ್ಟು ಅತ್ತೆಗೆ ಫೋನ್ ಮಾಡಿದಳು.

“ನಮ್ದು ಬರ್ತೈತೆ ಕಣೆ, ಏನೂ ಆಗಿಲ್ಲ” ಅಂದಳು ಹೊನ್ನಮ್ಮ. ದನಿಯಲ್ಲಿ ಹಬ್ಬವಿತ್ತು. “ಹೋಳಿಗೆ ಹೂರಣನ ಹಾಲಿನಾಗೆ ತಿಳಿ ಮಾಡಿ ಹಾಕ್ತಾ ಇದೀನಿ. ‘ಇನ್ನೊಂದು ಚೂರು’ ಅಂತಾನೆ ನೋಡು! ಎಷ್ಟು ದಿನ ಆಗಿತ್ತೇ ಅವ್ನು ಹಿಂಗೆ ಬಾಯಿ ಬಿಟ್ಟು ಕೇಳಿ.”

ಚಂದ್ರಕಲಾಳ ಎದೆಯ ಮೇಲಿದ್ದ ಕಲ್ಲು ಇಳಿಯಿತು. ಊರಿಗೆಲ್ಲ ಬಂದ ಗ್ರಹಚಾರ ತನ್ನ ಮನೆಗೆ ಬರಲಿಲ್ಲವಲ್ಲ ಅನ್ನಿಸಿ, ಛೆ, ಸಣ್ಣದೊಂದು ಹೆಮ್ಮೆಯೂ ಆಯಿತು. “ಹಾಕಿ ಅತ್ತೆ, ಕೇಳಿದಷ್ಟು ಹಾಕಿ. ವರ್ಷಕ್ಕೊಂದು ಹಬ್ಬ” ಅಂದಳು.

ಒಳಗೆ ಯಂತ್ರಶಾಲೆಯಲ್ಲಿ ಆಗಲೇ ಗೊತ್ತಾಗಿತ್ತು. ಮುದ್ರೆಯ ಅವಧಿ ಮುಗಿಯುವುದು ಆ ದಿನವೇ, ಆದರೆ ನಟ್ಟನಡು ಹಗಲಿಗೆ. ಒಂದು ವರ್ಷದ ಹಿಂದೆ ಯಾರೋ ಅದನ್ನು ಒತ್ತಿದ್ದು ನಡು ಹಗಲಿನಲ್ಲಿ, ಅವಧಿಯ ಲೆಕ್ಕವೂ ಆ ಗಳಿಗೆಯಿಂದಲೇ ಓಡಿತ್ತು. ಬ್ರೌಸರುಗಳನ್ನು ಹೇಗೋ ಪುಸಲಾಯಿಸಿ ‘ಪರವಾಗಿಲ್ಲ, ತೆಗೆ’ ಅನ್ನಬಹುದಿತ್ತು. ದಿಂಬಿನ ಪಕ್ಕದ ಪೆಟ್ಟಿಗೆಗಳನ್ನು ಹಾಗೆ ಒಪ್ಪಿಸುವಂತಿರಲಿಲ್ಲ. ಮುದ್ರೆ ತೀರಿದ ಕೇಂದ್ರಕ್ಕೆ ಮಾತು ಕೊಡಬಾರದು ಅಂತ ಅವನ್ನು ಕಟ್ಟುವಾಗಲೇ ಕಟ್ಟಪ್ಪಣೆ ಮಾಡಿದ್ದರು, ಕಳ್ಳರ ಕೈಗೆ ಯಾರ ಮನಸ್ಸೂ ಸಿಗಬಾರದು ಅಂತ. ಹಾಗಾಗಿ ಎಲ್ಲ ಪೆಟ್ಟಿಗೆಗಳೂ ಬಾಯಿ ಮುಚ್ಚಿಕೊಂಡು ಕೂತಿದ್ದವು.

ಜಯದೇವಪ್ಪನವರು ತಟ್ಟೆಯಿಂದ ಕೀಯನ್ನು ತಾವೇ ಎತ್ತಿಕೊಟ್ಟರು. ಅದರ ಲೋಹದ ಬಾಯಿಯ ತುಂಬ ಕುಂಕುಮ ಗಟ್ಟಿಯಾಗಿತ್ತು. ಶಲ್ಯದ ತುದಿಯಿಂದ ಒರೆಸಿದರು, ಹತ್ತಿ ಸುತ್ತಿ ಕೆದಕಿದರು. ರಹಮತ್ ಸಿಕ್ಕಿಸಿದ. ಕೀಯ ದೀಪ ಹತ್ತಲಿಲ್ಲ. ಊದಿ ಸಿಕ್ಕಿಸಿದ. ಹತ್ತಲಿಲ್ಲ.

“ನೀರು ಒಳಗೆ ಹೋಗಿದೆ ಸರ್.”

“ಇನ್ನೊಂದು ಕೀ?”

“ಬೆಂಗಳೂರಲ್ಲಿ. ಲಾಕರಿನೊಳಗೆ. ತೆಗೆಯೋರು ರಜೆ ಮೇಲೆ ಊರಿಗೆ ಹೋಗಿದಾರೆ. ಫೋನ್ ಎತ್ತುತ್ತಿಲ್ಲ.”

ಜಯದೇವಪ್ಪ ಅಲ್ಲೇ ಕುರ್ಚಿಗೆ ಕುಸಿದರು. “ಬೆಳಗ್ಗೆ ಹೇಳ್ದೆ ನೀನು, ಹೇಳ್ದೆ” ಅಂತ ಅಂದುಕೊಳ್ಳುತ್ತಲೇ ಇದ್ದರು. ರಹಮತ್ ಅವರ ಮುಖ ನೋಡಲಾರದೆ ಸತ್ತ ಕೀಯನ್ನು ಮತ್ತೆ ಒರೆಸತೊಡಗಿದ.

ಚಂದ್ರಕಲಾ ಬಂದದ್ದು ಆ ಹೊತ್ತಿಗೆ. ಒಳ್ಳೆಯ ಸುದ್ದಿ ಹೇಳುವವಳ ಹಾಗೆ ಬಂದಳು. “ರಹಮತ್, ಎಲ್ಲರದ್ದೂ ಹೋಗಿಲ್ಲಪ್ಪ. ನಮ್ಮನೇದು ಬರ್ತಾ ಇದೆ. ಅದರಿಂದ ಏನಾದ್ರೂ ದಾರಿ ಸಿಗುತ್ತಾ ನೋಡು.”

“ಸಾಧ್ಯಾನೇ ಇಲ್ಲ ಅಕ್ಕ.”

“ಈಗಷ್ಟೇ ಅತ್ತೆ ಹೇಳಿದ್ರು. ‘ಇನ್ನೊಂದು ಚೂರು’ ಅಂತ ಇದೆಯಂತೆ, ಹೋಳಿಗೆ ಕೇಳ್ತಿದಾರೆ.”

ರಹಮತ್ ಅವಳನ್ನು ದಿಟ್ಟಿಸಿ ನೋಡಿದ. “ಹೊಸ ಸಾಲು ಬರ್ತಾ ಇದೆಯಾ ಅಕ್ಕ? ಅಥವಾ ಅದೇ ಇದೆಯಾ?”

ಅವಳಿಗೆ ಆಗ ಹೊಳೆಯಿತು. ಹಳೆಯ ಪ್ರತಿ. ತಾನೇ ಮಾಡಿದ್ದು, ತನ್ನ ಕೈಯಾರೆ. ದಿನವೂ ಕಂಡವರಿಗೆಲ್ಲ ಕ್ಯಾಶೆ ಅಳಿಸಿ, ಕ್ಯಾಶೆ ಅಳಿಸಿ ಅಂತ ಬಡಿದುಕೊಳ್ಳುವವಳು ತನ್ನ ಮನೆಯ ಗೋಡೆಯ ಮೇಲೆ ಅದನ್ನೇ ತೂಗುಹಾಕಿ ಬಂದಿದ್ದಳು.

ಫೋನು ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಎತ್ತಲಿಲ್ಲ. ಮತ್ತೆ. “ಎತ್ತಿ ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ, ಎತ್ತಿ” ಅಂತ ಜೋರಾಗಿಯೇ ಅಂದಳು. ಸುತ್ತಲಿನವರು ಕೆಲಸ ಬಿಟ್ಟು ನೋಡಿದರು.

“ಏನೇ ನಿಂದು, ಕೈಯೆಲ್ಲ ಹೂರಣ ಆಗೈತೆ” ಅಂದಳು ಹೊನ್ನಮ್ಮ, ಕೊನೆಗೆ.

“ಅತ್ತೆ, ನಿಲ್ಸಿ! ತಿನ್ಸೋದು ನಿಲ್ಸಿ!”

“ಯಾಕವ್ವ? ಬಟ್ಲು ಖಾಲಿ ಆಗ್ತಾ ಬಂತು. ಇನ್ನೊಂದು ಚೂರು, ಇನ್ನೊಂದು ಚೂರು ಅಂತಾನೇ ಅದಾನೆ ನನ್ ಮಗ.”

“ಅವರ ಮುಖ ನೋಡಿ ಅತ್ತೆ.”

“ಮುಖ ಯಾಕೆ, ಟೀವಿನಾಗೆ ಐತಲ್ಲ...”

“ಮುಖ ನೋಡಿ ಅಂದ್ರೆ!”

ಆ ಕಡೆಯಿಂದ ಬಳೆಯ ಸದ್ದು ಕೇಳಿತು. ಬಟ್ಟಲು ನೆಲಕ್ಕೆ ಬಿದ್ದ ಸದ್ದು ಕೇಳಿತು. ಆಮೇಲೆ ಹೊನ್ನಮ್ಮ ಕೂಗಿಕೊಂಡಳು. ಮಾತಾಗಿರಲಿಲ್ಲ ಆ ಕೂಗು.

ಜಯದೇವಪ್ಪನವರ ಕಾರಿನಲ್ಲೇ ಹೋದರು. ಗಾಲಿಗೆ ನಿಂಬೆಹಣ್ಣು ಇಟ್ಟು ಪೂಜೆ ಮಾಡಿದ್ದ, ಆ ದಿನ ಓಡಿಸಬಾರದಾಗಿದ್ದ ಕಾರನ್ನು ಅವರೇ ಓಡಿಸಿದರು. ಮನೆಯಲ್ಲಿ ಪಾಲಾಕ್ಷನ ತುಟಿ ನೀಲಿಯಾಗಿತ್ತು. ಅವನಿಗೆ ಕೆಮ್ಮುವ ಶಕ್ತಿಯೂ ಇರಲಿಲ್ಲ, ಗಂಟಲಿನಿಂದ ಸಣ್ಣಗೆ ಗೊರಗೊರ ಮಾತ್ರ ಬರುತ್ತಿತ್ತು. ಕಣ್ಣು ಎರಡೂ ಮೇಲಕ್ಕೆ, ರೆಪ್ಪೆಯ ಕೆಳಗೆ ಅರ್ಧ ಮುಳುಗುವಷ್ಟು ಮೇಲಕ್ಕೆ ನೆಟ್ಟಿದ್ದವು. ಎಷ್ಟು ಹೊತ್ತಿನಿಂದ ಹಾಗೆ ಸಾಕು, ಸಾಕು ಅನ್ನುತ್ತಿದ್ದವೋ! ಎದುರಿನ ಗೋಡೆಯ ಮೇಲೆ, ಅವನಿಗೂ ಕಾಣುವ ಹಾಗೆ, ‘ಇನ್ನೊಂದು ಚೂರು’ ಅನ್ನುವ ಸಾಲು ದಪ್ಪ ಅಕ್ಷರದಲ್ಲಿ ನಿಂತಿತ್ತು. ಚಂದ್ರಕಲಾ ಟೀವಿಯ ವೈರನ್ನು ಗೋಡೆಯಿಂದ ಕಿತ್ತೆಸೆದಳು.

ಚಿತ್ರದುರ್ಗದ ಆಸ್ಪತ್ರೆಯಲ್ಲಿ ಎದೆಯೊಳಗಿಂದ ಹೂರಣವನ್ನು ಹೀರಿ ತೆಗೆದರು. ತೆಗೆದಷ್ಟು ತೆಗೆದರು. ಶ್ವಾಸಕೋಶಕ್ಕೆ ಸೋಂಕು ಹತ್ತಿತು. ಡಾಕ್ಟರು ಬಂದಾಗೆಲ್ಲ ಚಂದ್ರಕಲಾ ಅವರ ಮುಖವನ್ನೇ ಓದಲು ನೋಡುತ್ತಿದ್ದಳು, ಅವರೂ ಚಾಣಾಕ್ಷರು, ಮುಖದಲ್ಲಿ ಏನೂ ಇಟ್ಟುಕೊಳ್ಳುತ್ತಿರಲಿಲ್ಲ. “ನೋಡೋಣ” ಅನ್ನುತ್ತಿದ್ದರು. ಬೆಂಗಳೂರಿನ ಕೀ ಮಾರನೆಯ ಸಂಜೆ ಬಂತು. ರಹಮತ್ ಮುದ್ರೆ ಒತ್ತಿದ, ರಾಜ್ಯದ ಎಲ್ಲ ಪುಟಗಳೂ ತೆರೆದುಕೊಂಡವು. ಗಂಗಾವತಿಯ ತಮ್ಮ ಅಷ್ಟೊಂದು ಬೆವತು ಹೇಳಿದ್ದು ಬೆನ್ನು ಕೆರೀರಿ ಅಂತಂತೆ. ಅವನ ಅಕ್ಕ ಅದನ್ನು ಹೇಳಲು ಫೋನ್ ಮಾಡಿದಾಗ ಸಹಾಯವಾಣಿಯಲ್ಲಿ ಬೇರೆ ಯಾರೋ ಕೂತಿದ್ದರು.

ಹೊನ್ನಮ್ಮನಿಗೆ ಯಾರೂ ಏನೂ ಹೇಳಿರಲಿಲ್ಲ. ಹಳೆಯ ಪ್ರತಿ, ಮುದ್ರೆ ಇವೆಲ್ಲ ಅವಳಿಗೆ ತಿಳಿಯದ ಬಾಬತ್ತು. ಮಗ ಕೇಳಿದ, ತಾನು ಹಾಕಿದೆ, ಅವನ ನಸೀಬಿನಲ್ಲಿ ಅದು ಗಂಟಲಿಗೆ ಸಿಕ್ಕಿಕೊಂಡಿತು ಅಂತಲೇ ಅವಳು ತಿಳಿದಿದ್ದಳು. ಆಸ್ಪತ್ರೆಯ ಹೊರಗೆ ನೋಡಲು ಬಂದ ನೆಂಟರಿಗೂ ಹಾಗೇ ಹೇಳುತ್ತಿದ್ದಳು: “ಆಸೆಪಟ್ಟು ತಿಂದ. ಬಾಯಿ ಬಿಟ್ಟು ಕೇಳ್ದ.” ಹೇಳುವಾಗ ಅವಳ ಅಳುವಿನಲ್ಲಿ ಒಂದು ಸಮಾಧಾನವಿರುತ್ತಿತ್ತು. ಅದನ್ನು ಕಿತ್ತುಕೊಳ್ಳುವ ಧೈರ್ಯ ಚಂದ್ರಕಲಾಗೆ ಆಗಲಿಲ್ಲ.

ಉಸಿರಿನ ಯಂತ್ರ ತೆಗೆದು ವಾರ್ಡಿಗೆ ತಂದ ದಿನ ಡಾಕ್ಟರು ಪುಟ ತೆರೆಯಲು ಒಪ್ಪಿದರು. “ದಣಿಸಬೇಡಿ. ಎದೆ ಇನ್ನೂ ಸರಿಹೋಗಿಲ್ಲ. ಸರಿಹೋಗುತ್ತೆ ಅಂತ ನಾನು ಮಾತು ಕೊಡಲ್ಲ” ಅಂದರು. ಚಂದ್ರಕಲಾ ಪೆಟ್ಟಿಗೆಯನ್ನು ದಿಂಬಿನ ಪಕ್ಕ ಇಟ್ಟು, ತನ್ನ ಫೋನಿನಲ್ಲಿ ವಿಳಾಸ ಹೊಡೆದಳು. ಪುಟ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯಿತು. ಖಾಲಿಯಿತ್ತು. ಹೊನ್ನಮ್ಮ ಮಂಚದ ಅಂಚಿಗೆ ಕೂತು ಮಗನ ಕೂದಲು ನೇವರಿಸಿದಳು.

“ಪಾಲಾ, ಏನೋ ಅದು? ಗಂಟ್ಲಿಗೆ ಸಿಕ್ಕೊಂಡ್ರೆ ಸಾಕು ಅನ್ನಬಾರದಾ? ಮುದುಕಿಗೆ ಏನೋ ತಿಳೀತದೆ?”

ಆಮೇಲೆ ಒಂದೊಂದೇ ಅಕ್ಷರ ಮೂಡಿತು. “ಹೋಳಿಗೆ ಚಲೋ ಇತ್ತವ್ವ. ಸಾಕು ಅನ್ನೋದು ಮರೆತೆ.”

ಹೊನ್ನಮ್ಮ ಫೋನನ್ನು ಹತ್ತಿರ ಹಿಡಿದು ಎರಡು ಸಲ ಓದಿದಳು. ಗಟ್ಟಿಯಾಗಿ ಅತ್ತಳು, ಮೂಗು ಒರೆಸಿಕೊಂಡಳು, ಬೈದಳು. “ಹುಟ್ಟಿದಾಗಿಂದ ಹಂಗೇ! ತಿನ್ನಾಕೆ ಕುಂತ್ರೆ ಮೈಮೇಲೆ ಖಬರಿಲ್ಲ. ಬಾ ಮನೆಗೆ, ಗಂಜಿ ಬಿಟ್ರೆ ಬೇರೆ ಹಾಕಿದ್ರೆ ಕೇಳು.” ಎಷ್ಟೋ ದಿನದ ಮೇಲೆ ಅವಳಿಗೆ ಹಸಿವಾಯಿತು. ಕೆಳಗೆ ಹೋಗಿ ಒಂದು ಲೋಟ ಕಾಫಿ ಕುಡಿದು ಬರುತ್ತೇನೆ ಅಂತ ಎದ್ದಳು.

ಅತ್ತೆಯ ಚಪ್ಪಲಿಯ ಸದ್ದು ಮೆಟ್ಟಿಲಿಳಿಯುವ ತನಕ ಚಂದ್ರಕಲಾ ಕಾದಳು. ಆಮೇಲೆ ಅವನ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡು ಎಲ್ಲ ಹೇಳಿಬಿಟ್ಟಳು. ಟೀವಿಗೆ ತಾನೇ ಹಾಗೆ ಮಾಡಿಟ್ಟಿದ್ದು. ಕೇಳಿದಷ್ಟು ಹಾಕಿ ಅಂತ ತಾನೇ ಅಂದದ್ದು. “ಬೈರಿ ನನಗೆ. ಏನಾದ್ರೂ ಬೈರಿ. ಸುಮ್ನಿರಬೇಡಿ.”

ಅವನು ಅವಳನ್ನೇ ನೋಡಿದ. ತಾಯಿಗೆ ಹೇಳಿದ ಸಾಲು ಇನ್ನೂ ಪುಟದಲ್ಲಿತ್ತು.

“ಅವತ್ತು ಏನಂತ ಕೂಗಿದ್ರಿ?” ಅಂತ ಕೇಳಿದಳು. ಕೇಳಬಾರದಿತ್ತು, ಆದರೂ ಕೇಳಿದಳು.

ಹಳೆಯ ಸಾಲು ಅಳಿಯಿತು. ಹೊಸದು ಬಂತು.

“ಸಾಕು ಅಂದೆ. ಸಾಯ್ತೀನಿ ಅವ್ವ ಅಂದೆ. ಅವಳು ಟೀವಿ ನೋಡ್ತಾ ಹಾಕ್ತಾನೇ ಇದ್ಲು. ಆಮೇಲೆ ನಿನ್ನ ಕೂಗಿದೆ.”

ಚಂದ್ರಕಲಾ ಓದಿದಳು. ತಾನು ಇಡೀ ರಾಜ್ಯದ ಫೋನನ್ನು ಎತ್ತುತ್ತಿದ್ದ ಆ ಮಧ್ಯಾಹ್ನ, ಅವನು ಮಾರುಕಟ್ಟೆಯ ಆ ಗಂಟಲನ್ನೆಲ್ಲ ಕೂಡಿಸಿ ತನ್ನನ್ನು ಕೂಗಿದ್ದ.

ಮೆಟ್ಟಿಲಿನ ಮೇಲೆ ಚಪ್ಪಲಿಯ ಸದ್ದಾಯಿತು. ಹೊನ್ನಮ್ಮ ಹೋದಷ್ಟೇ ಬೇಗ ಮರಳುತ್ತಿದ್ದಳು, ಕಾರಿಡಾರಿನ ನರ್ಸಿಗೆ ಮಗ ಮಾತಾಡಿದ್ದನ್ನು ಹೇಳುತ್ತ, ನಗುತ್ತ. ಸಾಲು ಪುಟದ ನಡುವೆ ಹಾಗೇ ನಿಂತಿತ್ತು. ಅದನ್ನು ಅಳಿಸುವುದು ಚಂದ್ರಕಲಾಳ ಕೈಯಲ್ಲಿರಲಿಲ್ಲ. ಅವನು ಇನ್ನೊಂದು ಮಾತಾಡಿದರೆ ಮಾತ್ರ ಅದು ಹೋಗುತ್ತದೆ.

“ಬೇರೆ ಏನಾದ್ರೂ ಹೇಳ್ರೀ” ಅಂತ ಪಿಸುಗುಟ್ಟಿದಳು. “ಅತ್ತೆ ಬರ್ತಾ ಇದಾರೆ. ಒಂದೇ ಒಂದು ಮಾತು. ಏನಾದ್ರೂ.”

ಅವನು ಪ್ರಯತ್ನ ಪಟ್ಟ. ಹಣೆಯ ನರ ಎದ್ದದ್ದು ಅವಳಿಗೆ ಕಂಡಿತು. ಆದರೆ ಅಷ್ಟೊತ್ತಿನ ಮಾತಿಗೇ ಅವನು ಸೋತುಹೋಗಿದ್ದ, ಎದೆ ಏದುಸಿರಿಗೆ ಏರಿಳಿಯುತ್ತಿತ್ತು. ಸಾಲು ಕದಲಲಿಲ್ಲ.

ಬಾಗಿಲು ತೆರೆಯಿತು. ಚಂದ್ರಕಲಾ ಪುಟವನ್ನು ಮುಚ್ಚಿ, ಫೋನನ್ನು ಸೆರಗಿನೊಳಗೆ ಸೇರಿಸಿದಳು.

“ಏನಂದ ಮತ್ತೆ? ತೋರ್ಸು” ಅಂತ ಹೊನ್ನಮ್ಮ ಕೈ ಚಾಚಿದಳು.

“ಬರ್ತಾ ಇಲ್ಲ ಅತ್ತೆ” ಅಂದಳು ಚಂದ್ರಕಲಾ. “ಪೇಜು ಲೋಡ್ ಆಗ್ತಿಲ್ಲ.”

“ಅಯ್ಯೋ, ಈಗ ಬಂದಿತ್ತಲ್ಲೇ! ಸರಿ ಮಾಡೇ, ಊರಿಗೆಲ್ಲ ಸರಿ ಮಾಡಿಕೊಡ್ತೀಯ.”

“ಮಾಡ್ತೀನಿ ಅತ್ತೆ. ಸ್ವಲ್ಪ ಹೊತ್ತಾಗುತ್ತೆ.”

ಪಾಲಾಕ್ಷ ಅವಳನ್ನು ನೋಡುತ್ತಿದ್ದ. ಆಮೇಲೆ ಕಣ್ಣನ್ನು ಮೇಲಕ್ಕೆತ್ತಿದ, ಹಾಗೇ ಹಿಡಿದ. ಅವಳು ಅದನ್ನು ನೋಡಿದಳು. ಹೊನ್ನಮ್ಮ ನೋಡಲಿಲ್ಲ, ಅವಳು ಸೊಸೆಯ ಸೆರಗಿನ ಕಡೆಗೆ ನೋಡುತ್ತ ಪುಟ ಬರುವುದನ್ನೇ ಕಾಯುತ್ತಿದ್ದಳು.